ಕ್ರಾಸುಕಿ ಮತ್ತು ಕಾರ್ಖಾನೆಯ ‘ಪರಕೀಯರು’

ಕೂಲಿಯ ಬಗ್ಗೆ ಪ್ರಶ್ನಿಸಿದ ಕಾರ್ಮಿಕನಿಗೆ ಉತ್ತರಿಸಲಾಗದಾಗ ಅವನ ಹುಟ್ಟೂರನ್ನೂ ಧರ್ಮವನ್ನೂ ಎಳೆದು ತರುವುದು ಅಧಿಕಾರಸ್ಥರ ಹಳೆಯ ಚಾಳಿ. ಇದು ಸರ್ವಾಧಿಕಾರಿಗಳಿಗೆ ಮಾತ್ರ ಸೀಮಿತವಾದ ರೋಗವಲ್ಲ. ಸ್ವಾತಂತ್ರ್ಯ, ಸಮಾನತೆ, ಸಹೋದರತೆಯನ್ನು ತನ್ನ ಧ್ಯೇಯವಾಕ್ಯವಾಗಿ ಸಾರಿದ ಫ್ರಾನ್ಸ್ ಕೂಡ ಇದರಿಂದ ಮುಕ್ತವಾಗಿರಲಿಲ್ಲ. ಅಲ್ಲಿನ ಸಿಜಿಟಿ ಎಂಬ ಕಾರ್ಮಿಕ ಮಹಾ ಒಕ್ಕೂಟವನ್ನು 1982ರಿಂದ 1992ರವರೆಗೆ ಮುನ್ನಡೆಸಿದ ಹೆನ್ರಿ ಕ್ರಾಸುಕಿಯವರ ಬದುಕನ್ನು ನಾವಿಲ್ಲಿ ನೆನೆಯುವುದು ಈ ಕಾರಣಕ್ಕಾಗಿಯೇ.

ಕ್ರಾಸುಕಿ ಹುಟ್ಟಿನಿಂದ ಫ್ರೆಂಚರಲ್ಲ. 1924ರಲ್ಲಿ ಪೋಲೆಂಡಿನ ವಾರ್ಸಾ ನಗರದ ಸಮೀಪ ಬಡ ಯಹೂದಿ ಕುಟುಂಬವೊಂದರಲ್ಲಿ ಜನಿಸಿದ ಅವರು ಹೆತ್ತವರೊಂದಿಗೆ ಎಳವೆಯಲ್ಲೇ ಪ್ಯಾರಿಸ್ ಸೇರಿದರು. ತಂದೆ ಉಣ್ಣೆಬಟ್ಟೆ ಹೆಣೆಯುವ ಕೆಲಸಗಾರ. ಮಗ ಹದಿಹರೆಯದಲ್ಲೇ ಲೋಹದ ಕೆಲಸಕ್ಕೆ ಸೇರಿದ. ಹಿಟ್ಲರನ ಸೇನೆ ಫ್ರಾನ್ಸನ್ನು ಆಕ್ರಮಿಸಿದಾಗ ವಲಸಿಗ ಯುವಕರ ಪ್ರತಿರೋಧ ದಳದಲ್ಲಿ ದುಡಿದ ಕ್ರಾಸುಕಿ, 1943ರ ಮಾರ್ಚ್‌ನಲ್ಲಿ ಬಂಧಿತರಾಗಿ ಚಿತ್ರಹಿಂಸೆ ಅನುಭವಿಸಿದರು. ಬಳಿಕ ಆಶ್ವಿಟ್ಜ್‌ಗೆ ಸಾಗಿಸಲ್ಪಟ್ಟು ಅಲ್ಲಿನ ಕಲ್ಲಿದ್ದಲ ಗಣಿಯಲ್ಲಿ ಜೀತಕ್ಕೆ ದೂಡಲ್ಪಟ್ಟರು. ಅದೇ ವರ್ಷ ಅದೇ ಆಶ್ವಿಟ್ಜ್‌ನಲ್ಲಿ ಅವರ ತಂದೆಯನ್ನು ಕೊಲ್ಲಲಾಗಿತ್ತು. 1945ರಲ್ಲಿ ಬುಖೆನ್‌ವಾಲ್ಡ್ ಶಿಬಿರದಿಂದ ಬಿಡುಗಡೆಗೊಂಡು ಪ್ಯಾರಿಸ್‌ಗೆ ಮರಳಿದಾಗ ಅವರಿಗೆ ಇಪ್ಪತ್ತೊಂದು ವರ್ಷವೂ ತುಂಬಿರಲಿಲ್ಲ. ದೇಶಕ್ಕಾಗಿ ಇಷ್ಟೆಲ್ಲ ತೆತ್ತವರಿಗೆ ಆ ದೇಶದ ಪೌರತ್ವ ದೊರೆತದ್ದು 1947ರಲ್ಲಿ!

ಮುಂದಿನ ದಾರಿ ಕಾರ್ಮಿಕ ಸಂಘಟನೆಯದು. ಸಿಜಿಟಿಯ ವಾರಪತ್ರಿಕೆಯನ್ನು ಅವರು ಎರಡು ದಶಕಗಳ ಕಾಲ ನಡೆಸಿದರು. 1968ರ ಮೇ ತಿಂಗಳ ಮಹಾ ಮುಷ್ಕರದ ವೇಳೆ ಸರಕಾರದೊಂದಿಗೆ ನಡೆದ ಗ್ರೆನೆಲ್ ಮಾತುಕತೆಯಲ್ಲಿ ನಾಯಕ ಜಾರ್ಜ್ ಸೆಗಿಯವರ ಜೊತೆಗಿದ್ದರು. ಕನಿಷ್ಠ ವೇತನದಲ್ಲಿ ಶೇ. 35ರಷ್ಟು ಏರಿಕೆ ಆ ಮಾತುಕತೆಯ ಫಲ. 1982ರ ಜೂನ್‌ನಲ್ಲಿ ಸೆಗಿಯವರ ಸ್ಥಾನಕ್ಕೆ ಕ್ರಾಸುಕಿ ಬಂದರು.

ಅವರು ಅಧಿಕಾರ ವಹಿಸಿಕೊಂಡ ಆ ದಿನಗಳಲ್ಲೇ ಫ್ರಾನ್ಸಿನ ಕಾರು ಕಾರ್ಖಾನೆಗಳು ಕುದಿಯುತ್ತಿದ್ದವು. ಪ್ಯಾರಿಸ್ ಹೊರವಲಯದ ಓಲ್ನೆಯಲ್ಲಿದ್ದ ಸಿಟ್ರೋಯೆನ್ ಕಾರ್ಖಾನೆಯ ಕಾರ್ಮಿಕರು 1982ರ ವಸಂತದಲ್ಲಿ ವಾರಗಟ್ಟಲೆ ಮುಷ್ಕರ ನಡೆಸಿದರು. ಅವರಲ್ಲಿ ದೊಡ್ಡ ಸಂಖ್ಯೆಯವರು ಮೊರೊಕ್ಕೊದಿಂದ ಕರೆತಂದವರು. ಬೇಡಿಕೆಗಳೇನು? ನ್ಯಾಯವಾದ ಸಂಬಳ, ಮೇಸ್ತ್ರಿಗಳಿಂದ ಗೌರವದ ನಡವಳಿಕೆ, ಮಾಲೀಕರ ಕೈಗೊಂಬೆ ಸಂಘವನ್ನು ಬಿಟ್ಟು ಇಷ್ಟದ ಸಂಘ ಸೇರುವ ಸ್ವಾತಂತ್ರ್ಯ. ಜೊತೆಗೆ ನಮಾಝಿಗೊಂದು ಜಾಗ. ಸಿಜಿಟಿ ಈ ಬೇಡಿಕೆಗಳನ್ನು ತನ್ನದಾಗಿಸಿಕೊಂಡಿತು. ನಮಾಝಿನ ಜಾಗ ಕೇಳಿದವನೂ ಕಾರ್ಮಿಕನೇ ಎಂದು ಅದು ಒಪ್ಪಿತು. ಪರಿಣಾಮವಾಗಿ, ಬಳಿಕ ನಡೆದ ಕಾರ್ಖಾನೆ ಚುನಾವಣೆಯಲ್ಲಿ ಸಿಜಿಟಿ ಬಹುಮತ ಗಳಿಸಿತು.

ಆದರೆ ಸರಕಾರ ಹೇಗೆ ವರ್ತಿಸಿತು? ಆಗ ಅಧಿಕಾರದಲ್ಲಿದ್ದುದು ಬಲಪಂಥೀಯರಲ್ಲ, ಸಮಾಜವಾದಿಗಳು. ಸಂಪುಟದಲ್ಲಿ ಕಮ್ಯುನಿಸ್ಟರೂ ಇದ್ದರು. ಮುಷ್ಕರಗಳು ಬೇರೆ ಕಾರ್ಖಾನೆಗಳಿಗೆ ಹಬ್ಬಿದಾಗ, 1983ರ ಜನವರಿಯಲ್ಲಿ ಪ್ರಧಾನಿ ಪಿಯರ್ ಮೊರ್ವಾ ಅವರು, ಫ್ರಾನ್ಸಿನ ವಾಸ್ತವಕ್ಕೆ ಸಂಬಂಧವಿಲ್ಲದ ಧಾರ್ಮಿಕ ಮತ್ತು ರಾಜಕೀಯ ಗುಂಪುಗಳು ವಲಸೆ ಕಾರ್ಮಿಕರನ್ನು ಕೆರಳಿಸುತ್ತಿವೆ ಎಂದರು. ಗೃಹ ಸಚಿವ ಗಸ್ತೋಂ ದಫೇರ್ ಅವರು ಶಿಯಾ ಮೂಲಭೂತವಾದಿಗಳ ಕೈವಾಡವನ್ನೇ ಕಂಡರು. ಹೆಚ್ಚಿನವರು ಸುನ್ನಿಗಳಾದ ಮೊರೊಕ್ಕನ್ನರ ನಡುವೆ ಶಿಯಾ ಸಂಚು! ಸಂಬಳದ ಪ್ರಶ್ನೆಯನ್ನು ಧರ್ಮದ ಪ್ರಶ್ನೆಯಾಗಿಸಿದರೆ ಸಂಬಳ ಕೊಡಬೇಕಾದವನು ನಿಶ್ಚಿಂತ. ಪ್ರಗತಿಪರ ನಾಲಿಗೆಗೂ ಈ ಪಾಠ ಎಷ್ಟು ಸುಲಭವಾಗಿ ಒಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಇದರ ಫಲ ಒಂದೇ ವರ್ಷದಲ್ಲಿ ಕಾಣಿಸಿಕೊಂಡಿತು. ಪ್ಯೂಜೋ ಸಮೂಹಕ್ಕೆ ಸೇರಿದ, ಪ್ವಾಸಿಯ ಟಾಲ್ಬಟ್ ಕಾರ್ಖಾನೆಯಲ್ಲಿ 2,905 ಮಂದಿಯನ್ನು ವಜಾಗೊಳಿಸಲು ಆಡಳಿತ ಮುಂದಾಯಿತು. 1983ರ ಡಿಸೆಂಬರ್‌ನಲ್ಲಿ ಸರಕಾರ 1,905 ಮಂದಿಯ ವಜಾಕ್ಕೆ ಸಮ್ಮತಿಸಿತು. ಅವರಲ್ಲಿ ಬಹುಪಾಲು ವಲಸಿಗರು. 1984ರ ಜನವರಿಯಲ್ಲಿ ಕಾರ್ಖಾನೆಯೊಳಗೇ ಮುಷ್ಕರನಿರತರ ಮೇಲೆ ದಾಳಿ ನಡೆದು ಹತ್ತಾರು ಮಂದಿ ಗಾಯಗೊಂಡರು. ಅರಬರನ್ನು ಒಲೆಗೆ ಹಾಕಿರೆಂಬ ಕೂಗು ಅಲ್ಲಿ ಎದ್ದಿತು. ಒಲೆಗಳು ಏನು ಮಾಡಬಲ್ಲವೆಂದು ಆಶ್ವಿಟ್ಜ್‌ನಲ್ಲಿ ಕಣ್ಣಾರೆ ಕಂಡವರು ಅಂದು ಸಿಜಿಟಿಯ ಚುಕ್ಕಾಣಿ ಹಿಡಿದಿದ್ದರು. ನಲ್ವತ್ತು ವರ್ಷಗಳ ಹಿಂದೆ ಯಹೂದಿಗಳ ವಿರುದ್ಧ ಹರಿದ ದ್ವೇಷ ಈಗ ವಿಳಾಸವನ್ನು ಮಾತ್ರ ಬದಲಿಸಿಕೊಂಡಿತ್ತು.

ಕ್ರಾಸುಕಿಯವರನ್ನಾಗಲಿ ಅವರ ಒಕ್ಕೂಟವನ್ನಾಗಲಿ ನಾವು ಕಳಂಕರಹಿತವೆಂದು ಕೊಂಡಾಡುತ್ತಿಲ್ಲ. ಅವರು ಉನ್ನತ ನಾಯಕರಾಗಿದ್ದ ಕಮ್ಯುನಿಸ್ಟ್ ಪಕ್ಷದ ಮೇಯರ್ ಒಬ್ಬರ ಮುಂದಾಳ್ತನದಲ್ಲೇ 1980ರ ಡಿಸೆಂಬರ್‌ನಲ್ಲಿ, ಪ್ಯಾರಿಸ್ ಬಳಿಯ ವಿತ್ರಿಯಲ್ಲಿ ಮಾಲಿ ದೇಶದ ಕಾರ್ಮಿಕರ ವಸತಿಗೃಹದ ಮೇಲೆ ಬುಲ್ಡೋಜರ್ ಹಾಯಿಸಲಾಗಿತ್ತು. ಪ್ವಾಸಿಯಲ್ಲಿ ವಜಾದ ಸಂಖ್ಯೆ ಸಾವಿರದಷ್ಟು ಇಳಿದದ್ದನ್ನೇ ಸಿಜಿಟಿ ಗೆಲುವೆಂದು ಬಗೆದಾಗ, ಬೀದಿಗೆ ಬಿದ್ದ ಉಳಿದವರು ತಮ್ಮನ್ನು ಕೈಬಿಡಲಾಯಿತೆಂದು ನೊಂದರು. ಅಧಿಕಾರದಲ್ಲಿ ಮಿತ್ರರಿದ್ದಾಗ ಸಂಘಟನೆಯ ಧ್ವನಿ ಕುಗ್ಗುವುದು ಎಲ್ಲ ಕಾಲದ ದೌರ್ಬಲ್ಯ. ಕ್ರಾಸುಕಿಯವರ ದಶಕದಲ್ಲಿ ಸಿಜಿಟಿಯ ಸದಸ್ಯಬಲವೂ ಕುಸಿಯಿತು.

ಆದರೂ ಓಲ್ನೆಯ ಪಾಠ ಅಳಿಯುವಂಥದ್ದಲ್ಲ. ಆ ಕಾರ್ಖಾನೆ 2013ರಲ್ಲಿ ಉತ್ಪಾದನೆ ನಿಲ್ಲಿಸಿತು. 2003ರಲ್ಲಿ ನಿಧನರಾದ ಕ್ರಾಸುಕಿಯವರ ಹೆಸರು ಅವರು ಬೆಳೆದ ಬೆಲ್‌ವಿಲ್ ಬಡಾವಣೆಯ ಒಂದು ಚೌಕದಲ್ಲಿ ಉಳಿದಿದೆ. ನಾಝಿ ಶಿಬಿರದಿಂದ ಬದುಕಿ ಬಂದ ಯಹೂದಿಯ ಒಕ್ಕೂಟದಲ್ಲಿ ಮೊರೊಕ್ಕೊದ ನಮಾಝಿ ಕಾರ್ಮಿಕ ತನ್ನ ಗೌರವವನ್ನು ಕಂಡುಕೊಂಡ. ಇಬ್ಬರೂ ತಮ್ಮ ಗುರುತನ್ನು ಬಿಟ್ಟುಕೊಟ್ಟು ಒಂದಾದದ್ದಲ್ಲ, ಅನ್ಯಾಯವನ್ನು ಗುರುತಿಸಿ ಒಂದಾದರು. ಮರ್ದಿತನ ಪರ ನಿಲ್ಲುವ ಮುನ್ನ ಅವನ ಕುಲಗೋತ್ರ ವಿಚಾರಿಸುವವನು ನ್ಯಾಯದ ಸಂಗಾತಿಯಾಗಲಾರ. ಈ ಮಾತು ಸರಕಾರಗಳಿಗೆಷ್ಟೋ ಅಷ್ಟೇ ನಮಗೂ ಅನ್ವಯಿಸುತ್ತದೆ.