ಕುಂಡದೊಳಗೊಂದು ಕುಂಡ

ಹೆಬ್ಬಾಳದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ನಡೆದ ದಿನ ಯಲಹಂಕದ ಬಸ್ಸು ಹತ್ತುವ ಕೆಲವರ ಕೈಯಲ್ಲಾದರೂ ಒಂದು ಗಿಡ ಇರುತ್ತದೆ. ಮನೆಗೆ ಬಂದ ಮೇಲೆ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕುಂಡ ನಡುಮನೆಯ ಅಂದಕ್ಕೆ ಒಪ್ಪುವುದಿಲ್ಲ. ಅದನ್ನು ಹಾಗೆಯೇ ಹೊಳೆಯುವ ಪಿಂಗಾಣಿ ಕುಂಡದೊಳಗೆ ಇಳಿಸಿದರೆ ನೋಡಲು ಚೆಂದ. ತಳದಲ್ಲಿ ತೂತಿಲ್ಲವಾದ್ದರಿಂದ ನೆಲವೂ ಒದ್ದೆಯಾಗದು.

ತೊಂದರೆ ಇರುವುದೂ ಆ ತೂತಿಲ್ಲದ ತಳದಲ್ಲಿಯೇ. ಒಳಕುಂಡದಿಂದ ಬಸಿದ ನೀರು ಹೊರಕುಂಡದಲ್ಲಿ ನಿಲ್ಲುತ್ತದೆ. ಬೇರಿಗೂ ಉಸಿರಾಟ ಉಂಟು. ಮಣ್ಣಿನ ಕಣಗಳ ನಡುವಿನ ಗಾಳಿಯಿಂದ ಅದು ಆಮ್ಲಜನಕ ಪಡೆಯುತ್ತದೆ. ಆ ಜಾಗವನ್ನೆಲ್ಲ ನೀರು ತುಂಬಿಕೊಂಡರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಎಲೆ ಹಳದಿಯಾಗಿ ಬಾಡುತ್ತದೆ. ಬಾಡಿತೆಂದು ಅಮ್ಮ ಒಂದು ಚೊಂಬು ನೀರು ಹಾಕುತ್ತಾರೆ, ಕಾಲೇಜಿನಿಂದ ಬಂದ ಮಗಳು ಇನ್ನೊಂದು ಚೊಂಬು. ಗಿಡ ನೀರಿನಲ್ಲಿ ನಿಂತೇ ಸಾಯುತ್ತದೆ.

ಗಿಡ ಹೋದರೆ ಇನ್ನೊಂದು ತರಬಹುದು. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲಿಯೇ. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಅದು ಕಚ್ಚುವುದೂ ಹಗಲಿನಲ್ಲಿ, ಮಕ್ಕಳು ಓದುತ್ತ ಕುಳಿತ ಹೊತ್ತಿನಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು.

ಹಾಗೆಂದು ಚೆಂದದ ಕುಂಡವನ್ನು ಅಟ್ಟಕ್ಕೆ ಸೇರಿಸಬೇಕಿಲ್ಲ. ಒಳಕುಂಡಕ್ಕೆ ತೂತು ಇರಲೇಬೇಕು. ಸುಲಭವಾಗಿ ಎತ್ತಲು ಬರುವಂತೆ ಹೊರಕುಂಡ ಎರಡು ಬೆರಳು ಅಗಲವಿರಲಿ. ನೀರು ಹಾಕುವಾಗ ಒಳಕುಂಡವನ್ನು ಎತ್ತಿ ಬಚ್ಚಲಲ್ಲಿಟ್ಟು, ಅರ್ಧ ಗಂಟೆ ಬಸಿಯಲು ಬಿಟ್ಟು, ಮತ್ತೆ ಇಳಿಸಬೇಕು. ತಳಕ್ಕೆ ಬೆಣಚುಕಲ್ಲು ಹಾಕಿದರೆ ನೀರು ಕಣ್ಣಿಗೆ ಕಾಣದಿರಬಹುದು, ಇಲ್ಲವಾಗುವುದಿಲ್ಲ.

ವಾರಕ್ಕೊಮ್ಮೆ, ಭಾನುವಾರವೆಂದೇ ಇಟ್ಟುಕೊಂಡರೂ ಸರಿ, ಹೊರಕುಂಡವನ್ನು ಬರಿದು ಮಾಡಿ ಒಳಮೈಯನ್ನು ಬ್ರಷ್ಷಿನಿಂದ ಉಜ್ಜಬೇಕು. ಬರಿಯ ಚೆಲ್ಲಿದರೆ ಸಾಲದು: ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.

ಈ ಕೆಲಸವನ್ನು ಮಕ್ಕಳಿಗೇ ವಹಿಸುವುದು ಒಳ್ಳೆಯದು. ಚೆಲ್ಲುವ ಮುನ್ನ ನೀರನ್ನು ಲೋಟದಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಯಾವ ವಾರ ಲೋಟ ಖಾಲಿಯೋ, ಆ ವಾರ ಗಿಡಕ್ಕೆ ಹಾಕಿದ ನೀರು ಹದವಾಗಿದೆ ಎಂದರ್ಥ.