ಒಂದು ಸೀಟಿಗೆ ಎಷ್ಟು ಜನ? ಉತ್ತರ ಬದಲಾಗುವುದು ಹನ್ನೆರಡನೇ ತರಗತಿ ಓದಿದ ಊರಿನಿಂದ

ನೀಟ್ ಇರಲಿ, ಜೆಇಇ ಇರಲಿ, ಫಲಿತಾಂಶ ಬಂದ ದಿನ ಸುದ್ದಿಯ ಮೊದಲ ಸಾಲಿನಲ್ಲಿ ಬರುವುದು ಒಂದೇ ಬಗೆಯ ಲೆಕ್ಕ: ಬರೆದವರು ಇಷ್ಟು ಲಕ್ಷ, ಸೀಟು ಇಷ್ಟು ಸಾವಿರ. 2025ರಲ್ಲಿ ನೀಟ್-ಯುಜಿ ಬರೆದವರು 22.09 ಲಕ್ಷ ಮಂದಿ. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಸುಮಾರು 1.18 ಲಕ್ಷ. ಅಂದರೆ ಒಂದು ಸೀಟಿಗೆ 18ರಿಂದ 19 ಮಂದಿ. ಈ ಅಂಕಿ ಸುಳ್ಳಲ್ಲ. ಆದರೆ ಮಗಳನ್ನೋ ಮಗನನ್ನೋ ಕಾಲೇಜಿಗೆ ಸೇರಿಸಬೇಕಾದ ಮನೆಯವರಿಗೆ ಇದರಿಂದ ತಿಳಿಯುವುದು ಬಹಳ ಕಡಿಮೆ. ಕರ್ನಾಟಕದ ಹೊರಗಿರುವ ಕನ್ನಡದ ಮನೆಗಳಿಗಂತೂ ಇನ್ನೂ ಕಡಿಮೆ.

ಮೊದಲಿಗೆ ಆ 1.18 ಲಕ್ಷವನ್ನೇ ನೋಡಿ. ಅದರಲ್ಲಿ ಸರ್ಕಾರಿ ಕಾಲೇಜುಗಳ ಪಾಲು ಹೆಚ್ಚುಕಡಿಮೆ ಅರ್ಧ. ಉಳಿದದ್ದು ಖಾಸಗಿ ಕಾಲೇಜು ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳದ್ದು. ಅಲ್ಲಿನ ಬಹುಪಾಲು ಸೀಟುಗಳ ಶುಲ್ಕ ಸಂಬಳದ ಮೇಲೆ ಬದುಕುವ ಕುಟುಂಬದ ಕೈಗೆಟಕುವಂಥದ್ದಲ್ಲ. ಕೈಗೆಟಕುವ ಸೀಟನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಒಂದಕ್ಕೆ 37ರಷ್ಟು ಮಂದಿ ನಿಲ್ಲುತ್ತಾರೆ. ಇನ್ನೊಂದು ಕಡೆ, ಬರೆದವರಲ್ಲಿ ಎರಡನೇ, ಮೂರನೇ ಸಲ ಬರೆಯುವವರೂ ಸೇರಿದ್ದಾರೆ, ನೀಟ್‌ಗೆ ಪ್ರಯತ್ನಗಳ ಮಿತಿಯಿಲ್ಲ. ಇನ್ನು 'ಅರ್ಹತೆ ಪಡೆದವರು 12.36 ಲಕ್ಷ' ಎಂಬ ಮಾತು. ಅದು ಸೀಟು ಸಿಕ್ಕವರ ಲೆಕ್ಕವೇ ಅಲ್ಲ. ಸಾಮಾನ್ಯ ವರ್ಗದವರು 50ನೇ ಪರ್ಸೆಂಟೈಲ್ ದಾಟಿದರೆ ಅರ್ಹರು. ಅರ್ಹರಾದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಎಂಬಿಬಿಎಸ್ ಸೀಟು ಸಿಗುವುದಿಲ್ಲ. ಫಲಿತಾಂಶದ ದಿನ ಪೇಡೆ ಹಂಚಿ, ಕೌನ್ಸೆಲಿಂಗ್ ಶುರುವಾದ ಮೇಲೆ ಕಂಗಾಲಾಗುವ ಮನೆಗಳು ಪ್ರತಿ ವರ್ಷ ಇರುವುದು ಇದರಿಂದಲೇ.

ಐಐಟಿಯ ಕಥೆ ಬೇರೆ. 'ನೂರಕ್ಕೆ ಒಬ್ಬರಿಗೆ ಮಾತ್ರ ಸೀಟು' ಎಂಬುದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮಾತು. ಅದರ ಜೊತೆಗೇ ಹಾರ್ವರ್ಡ್‌ಗಿಂತ ಇದು ಕಷ್ಟ ಎಂಬ ಹೆಮ್ಮೆಯೂ ಸೇರಿಕೊಂಡಿರುತ್ತದೆ. ಜೆಇಇ ಮೇನ್ ಬರೆಯುವವರು 14ರಿಂದ 15 ಲಕ್ಷ, ಐಐಟಿ ಸೀಟುಗಳು 2025ರಲ್ಲಿ 18,160. ಈ ಎರಡನ್ನೇ ಭಾಗಿಸಿದರೆ ಒಂದು ಚಿಲ್ಲರೆ ಶೇಕಡಾ ಬರುವುದು ನಿಜ. ಆದರೆ ಮೇನ್ ಬರೆದವರೆಲ್ಲ ಐಐಟಿಗೆಂದೇ ಬರೆದವರಲ್ಲ, ಎನ್‌ಐಟಿ ಮತ್ತು ಇತರ ಕಾಲೇಜುಗಳಿಗಾಗಿ ಬರೆದವರೂ ಅದರಲ್ಲಿದ್ದಾರೆ. ಮೇನ್‌ನಿಂದ ಮೇಲಿನ ಎರಡೂವರೆ ಲಕ್ಷ ಮಂದಿಗೆ ಮಾತ್ರ ಅಡ್ವಾನ್ಸ್ಡ್ ಬರೆಯುವ ಅವಕಾಶ. 2025ರಲ್ಲಿ ಅದರ ಎರಡೂ ಪತ್ರಿಕೆ ಬರೆದವರು 1,80,422, ಅರ್ಹರಾದವರು 54,378. ಹಾಗಾಗಿ ಅಡ್ವಾನ್ಸ್ಡ್ ಕೊಠಡಿಯಲ್ಲಿ ಕೂತವರ ಮಟ್ಟಿಗೆ ಲೆಕ್ಕ ಹತ್ತಕ್ಕೆ ಒಂದು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅರ್ಜಿ ಹಾಕಿದ ಪ್ರತಿಯೊಬ್ಬರನ್ನೂ ಕೆಳಗಿನ ಸಂಖ್ಯೆಗೆ ಸೇರಿಸುತ್ತಾರೆ, ಒಬ್ಬನೇ ವಿದ್ಯಾರ್ಥಿ ಹತ್ತಾರು ಕಡೆ ಅರ್ಜಿ ಹಾಕಿರುತ್ತಾನೆ. ಎರಡನ್ನೂ ಪಕ್ಕದಲ್ಲಿಟ್ಟು ಯಾವುದು ಕಠಿಣ ಎಂದು ಕೇಳುವುದರಲ್ಲಿ ಹುರುಳಿಲ್ಲ.

ಐಐಟಿಯೊಳಗೂ ಸ್ಪರ್ಧೆ ಒಂದೇ ಸಮನಾಗಿಲ್ಲ. ಐಐಟಿ ಬಾಂಬೆಯ ಕಂಪ್ಯೂಟರ್ ಸೈನ್ಸ್ ಸೀಟುಗಳು ಮುಕ್ತ ವರ್ಗದಲ್ಲಿ ಮೊದಲ 70 ರ್‍ಯಾಂಕಿನೊಳಗೇ ಮುಗಿಯುತ್ತವೆ. ಅದೇ ಸಮಯದಲ್ಲಿ ಹೊಸ ಐಐಟಿಗಳ ಕೆಲವು ಶಾಖೆಗಳು ಸಾವಿರಾರು ರ್‍ಯಾಂಕಿನವರೆಗೂ ಸಿಗುತ್ತವೆ. ದೇಶದಲ್ಲಿ ಎಂಜಿನಿಯರಿಂಗ್ ಸೀಟಿಗೆ ಕೊರತೆಯಿಲ್ಲ, ಪ್ರತಿ ವರ್ಷ ಖಾಲಿ ಉಳಿಯುವ ಸೀಟುಗಳೂ ಬಹಳ. ಕೊರತೆ ಇರುವುದು ಬೆರಳೆಣಿಕೆಯ ಕಾಲೇಜುಗಳ ಬೆರಳೆಣಿಕೆಯ ಶಾಖೆಗಳಲ್ಲಿ. 2024-25ರಿಂದ ಎಐಸಿಟಿಇ ಶಾಖೆವಾರು ಸೀಟುಗಳ ಮೇಲಿನ ಮಿತಿ ತೆಗೆದ ಮೇಲೆ ದೊಡ್ಡ ಕಾಲೇಜುಗಳಿಗೆ ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸಿಕೊಳ್ಳುವ ದಾರಿ ತೆರೆಯಿತು. ಸಣ್ಣ ಊರಿನ ಕಾಲೇಜುಗಳು ಇದರಿಂದ ಇನ್ನಷ್ಟು ಖಾಲಿಯಾಗುತ್ತವೆ ಎಂಬ ಆತಂಕ ಸಹಜವೇ.

ಅಂಕ ಒಂದೇ, ಅದೃಷ್ಟ ಬೇರೆ

ಕಳೆದ ಬಾರಿ ನೆರೆಮನೆಯ ಹುಡುಗನಿಗೆ ಇಷ್ಟು ಅಂಕಕ್ಕೆ ಸೀಟು ಸಿಕ್ಕಿತ್ತು ಎಂಬ ಲೆಕ್ಕಾಚಾರವನ್ನು ಎರಡು ವರ್ಷಗಳ ನೀಟ್ ಫಲಿತಾಂಶ ಸಂಪೂರ್ಣ ಬುಡಮೇಲು ಮಾಡಿದೆ. 2024ರಲ್ಲಿ ಮೊದಲು ಪ್ರಕಟವಾದ ಪಟ್ಟಿಯಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. ಕೃಪಾಂಕದ ವಿವಾದ, ಮರುಪರೀಕ್ಷೆ, ಭೌತಶಾಸ್ತ್ರದ ಒಂದು ಪ್ರಶ್ನೆಯ ಉತ್ತರ ಬದಲಾವಣೆ ಎಲ್ಲ ಮುಗಿದ ಮೇಲೆ ಆ ಸಂಖ್ಯೆ 17ಕ್ಕೆ ಇಳಿಯಿತು. ಮರು ವರ್ಷ ಪ್ರಶ್ನೆಪತ್ರಿಕೆ ಕಠಿಣವಾಗಿತ್ತು. ಇಡೀ ದೇಶದಲ್ಲಿ ಅತಿ ಹೆಚ್ಚು ಅಂಕವೇ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. 2024ರಲ್ಲಿ ಸಾಧಾರಣ ಎನಿಸಿಕೊಂಡ ಅಂಕ 2025ರಲ್ಲಿ ಒಳ್ಳೆಯ ಸರ್ಕಾರಿ ಕಾಲೇಜಿನ ಬಾಗಿಲು ತೆರೆಯಿತು. ಇಲ್ಲಿ ಲೆಕ್ಕಕ್ಕೆ ಬರುವುದು ರ್‍ಯಾಂಕ್ ಮಾತ್ರ.

ದೆಹಲಿ ವಿಶ್ವವಿದ್ಯಾಲಯ ಇದೇ ಪಾಠವನ್ನು ಬೇರೆ ದಾರಿಯಲ್ಲಿ ಕಲಿತಿತು. ಅಲ್ಲಿ ಹಿಂದೆ ಹನ್ನೆರಡನೇ ತರಗತಿಯ ಅಂಕವೇ ಜರಡಿ. 2021ರಲ್ಲಿ ಹಲವು ಕಾಲೇಜುಗಳ ಮೊದಲ ಕಟ್ ಆಫ್ 100ಕ್ಕೆ 100 ಮುಟ್ಟಿತು. ಕೇರಳ ಬೋರ್ಡಿನಿಂದ ನೂರಕ್ಕೆ ನೂರು ತಂದವರು ಸಾಲುಗಟ್ಟಿದಾಗ, ಆ ಬೋರ್ಡ್ ಅಂಕ ಉದಾರವಾಗಿ ಕೊಡುತ್ತದೆ ಎಂಬ ಜಗಳ ಬೇಡದ ತಿರುವು ಪಡೆಯಿತು. 2022ರಲ್ಲಿ ಸಿಯುಇಟಿ ಬಂತು. ಈಗ ಹನ್ನೆರಡನೇ ತರಗತಿಯ ಅಂಕ ಅರ್ಹತೆಗೆ ಮಾತ್ರ. ಜರಡಿ ಬದಲಾಯಿತು, ಆದರೆ ಪದವಿ ಸೀಟುಗಳು ಸುಮಾರು 71 ಸಾವಿರದ ಆಸುಪಾಸಿನಲ್ಲೇ ನಿಂತಿವೆ. ಜರಡಿ ಬದಲಾದಾಗ ಆಯ್ಕೆಯಾಗುವವರು ಬದಲಾಗುತ್ತಾರೆ, ಎಷ್ಟು ಮಂದಿ ಎಂಬುದು ಬದಲಾಗುವುದಿಲ್ಲ. ಬೋರ್ಡ್ ಪರೀಕ್ಷೆಗೆ ನಿಷ್ಠೆಯಿಂದ ಓದುತ್ತಿದ್ದ ರಾಜ್ಯ ಪಠ್ಯಕ್ರಮದ ಮಕ್ಕಳು ಹಿಂದೆ ಬಿದ್ದರು, ಎನ್‌ಸಿಇಆರ್‌ಟಿ ಪುಸ್ತಕ ಹಿಡಿದು ಬಹುಆಯ್ಕೆಯ ಪ್ರಶ್ನೆಗೆ ತಯಾರಾದವರು ಮುಂದೆ ಬಂದರು ಎಂಬ ದೂರಿನಲ್ಲಿ ತಿರುಳಿದೆ. ನೂರಕ್ಕೆ ನೂರರ ಹಾಸ್ಯಾಸ್ಪದ ಕಟ್ ಆಫ್‌ಗೆ ತೆರೆ ಬಿದ್ದದ್ದೂ ನಿಜ.

ಯಾವ ಊರಿನ ಮಗು?

ಹೊರನಾಡಿನ ಕನ್ನಡ ಕುಟುಂಬಗಳಿಗೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆ. ಈ ಮಗುವನ್ನು ಯಾವ ರಾಜ್ಯದ ಮಗು ಎಂದು ಲೆಕ್ಕ ಹಾಕುತ್ತಾರೆ? ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಶೇ 15 ಸೀಟು ಅಖಿಲ ಭಾರತ ಕೋಟಾಕ್ಕೆ, ಶೇ 85 ಆಯಾ ರಾಜ್ಯದವರಿಗೆ. ಎನ್‌ಐಟಿಗಳಲ್ಲಿ ಅರ್ಧ ಸೀಟು ತವರು ರಾಜ್ಯದವರಿಗೆ. 'ರಾಜ್ಯದವರು' ಯಾರು ಎಂಬುದಕ್ಕೆ ಮಾತ್ರ ಒಂದೇ ಉತ್ತರವಿಲ್ಲ. ಪ್ರತಿ ಪ್ರಾಧಿಕಾರಕ್ಕೆ ಅದರದೇ ಅಳತೆಗೋಲು.

ಎನ್‌ಐಟಿಯ ಅಳತೆ ಸರಳ: ಹನ್ನೆರಡನೇ ತರಗತಿ ಯಾವ ರಾಜ್ಯದಲ್ಲಿ ಪಾಸಾದಿರೋ ಅದೇ ತವರು ರಾಜ್ಯ. ಮಾತೃಭಾಷೆ, ಅಪ್ಪ-ಅಮ್ಮನ ಊರು, ಆಧಾರ್ ವಿಳಾಸ ಯಾವುದೂ ಬೇಡ. ಚೆನ್ನೈನಲ್ಲಿ ಓದಿದ ಕನ್ನಡದ ಹುಡುಗಿಗೆ ತಿರುಚಿರಾಪಳ್ಳಿ ಎನ್‌ಐಟಿ ತವರು, ಸುರತ್ಕಲ್ ಹೊರರಾಜ್ಯ. ಪುಣೆಯವರಿಗೆ ನಾಗಪುರ, ಹೈದರಾಬಾದಿನವರಿಗೆ ವಾರಂಗಲ್. ಸುರತ್ಕಲ್ಲಿನಂಥ ಬೇಡಿಕೆಯ ಕಾಲೇಜಿನಲ್ಲಿ ಹೊರರಾಜ್ಯದವರಿಗೆ ಸಾಮಾನ್ಯವಾಗಿ ಇನ್ನೂ ಮೇಲಿನ ರ್‍ಯಾಂಕ್ ಬೇಕು.

ವೈದ್ಯಕೀಯದಲ್ಲಿ ಗಂಟು ಬಿಗಿಯಾಗುತ್ತದೆ. ಡೊಂಬಿವಲಿಯ ಒಂದು ಕುಟುಂಬ ಎಂದಿಟ್ಟುಕೊಳ್ಳಿ. ಮಗಳು ಹತ್ತನೇ ತರಗತಿ ಮುಗಿಸಿದಳು. ಪಿಯುಸಿ ಜೊತೆಗೆ ನೀಟ್ ತರಬೇತಿಯೂ ಆಗುತ್ತದೆ ಎಂದು ದಕ್ಷಿಣ ಕನ್ನಡದ ವಸತಿ ಕಾಲೇಜಿಗೆ ಸೇರಿಸಿದರು. ಮುಂಬೈ ಕನ್ನಡಿಗರಲ್ಲಿ, ತುಳುವರಲ್ಲಿ ಇದು ಅಪರೂಪವಲ್ಲ, ಅಜ್ಜಿಮನೆ ಹತ್ತಿರ ಎಂಬ ಸಮಾಧಾನ ಬೇರೆ. ಎರಡು ವರ್ಷ ಕಳೆದ ಮೇಲೆ ಈಕೆ ಎಲ್ಲಿಯವಳು? ಮಹಾರಾಷ್ಟ್ರದ ಶೇ 85ರ ಪಾಲಿಗೆ ವಾಸದ ಪ್ರಮಾಣಪತ್ರದ ಜೊತೆ ಹತ್ತು ಮತ್ತು ಹನ್ನೆರಡು ಎರಡೂ ಅಲ್ಲೇ ಪಾಸಾಗಿರಬೇಕು. ಕೇಂದ್ರ ಸರ್ಕಾರಿ ನೌಕರರ ಮಕ್ಕಳಂಥ ಕೆಲವರಿಗೆ ವಿನಾಯಿತಿ ಇದೆ, ಈಕೆಗೆ ಇಲ್ಲ. ಆ ಬಾಗಿಲು ಮುಚ್ಚಿತು. ಕರ್ನಾಟಕದಲ್ಲಿ? ಕೆಇಎ ನಿಯಮದ ಮೊದಲ ಷರತ್ತಿಗೆ ಒಂದರಿಂದ ಹನ್ನೆರಡನೇ ತರಗತಿಯ ನಡುವೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು. ಎರಡು ವರ್ಷ ಸಾಲದು.

ಇಲ್ಲಿ ಇನ್ನೊಂದು ಷರತ್ತು ನೆರವಿಗೆ ಬರಬಹುದು. ಮಗು ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ, ತಂದೆ ಅಥವಾ ತಾಯಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲೇ ಓದಿದ್ದರೆ ಅರ್ಹತೆ ಸಿಗುತ್ತದೆ. ಅಪ್ಪ ಕಾರ್ಕಳದಲ್ಲೋ ಕುಂದಾಪುರದಲ್ಲೋ ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬೈಗೆ ಬಂದವರಾದರೆ ಅವರ ಹಳೆಯ ಶಾಲೆಯ ವ್ಯಾಸಂಗ ಪ್ರಮಾಣಪತ್ರವೇ ಮಗಳ ಭವಿಷ್ಯದ ದಾಖಲೆ. ಅಪ್ಪ ಅಮ್ಮ ಇಬ್ಬರೂ ಮುಂಬೈಯಲ್ಲೇ ಹುಟ್ಟಿ ಅಲ್ಲೇ ಓದಿದವರಾದರೆ ಈ ಷರತ್ತಿನಿಂದ ಪ್ರಯೋಜನವಿಲ್ಲ. ವಲಸೆ ಹೋದ ಮೊದಲ ತಲೆಮಾರಿನ ಮಕ್ಕಳಿಗೆ ದಾರಿ ಕೊಟ್ಟ ನಿಯಮ ಮೊಮ್ಮಕ್ಕಳ ಹತ್ತಿರ ಬಂದು ನಿಲ್ಲುತ್ತದೆ. ಹೋಟೆಲು ಕಟ್ಟಲು, ಬ್ಯಾಂಕಿನ ಕೆಲಸಕ್ಕೆ ಅಂತ ಹೋದ ತಲೆಮಾರಿನ ಮೊಮ್ಮಕ್ಕಳು ಈಗ ಕಾಲೇಜು ಸೇರುವ ವಯಸ್ಸಿನವರು ಎಂಬುದು ನೆನಪಿರಲಿ.

ಅವರಿಗೆ ಉಳಿಯುವುದು ಹೊರನಾಡು ಕನ್ನಡಿಗ ಷರತ್ತು. ಅಕ್ಕಲಕೋಟೆ, ಜತ್ತ, ಕಾಸರಗೋಡು, ಮಂಜೇಶ್ವರದ ಕಡೆಯವರಿಗೆ ಗಡಿನಾಡು ಕನ್ನಡಿಗ ಷರತ್ತು ಪ್ರತ್ಯೇಕವಾಗಿದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಿಗೆ ಇವು ಅನ್ವಯ. ಯಾವ ಕೋರ್ಸಿಗೆ ಎಷ್ಟರ ಮಟ್ಟಿಗೆ ಎಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲೇ ನೋಡಬೇಕು. ಇದಕ್ಕೆ ಕೆಇಎ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. 50 ಅಂಕದ ಪರೀಕ್ಷೆ, ಕನಿಷ್ಠ 12 ಬೇಕು, ಮಟ್ಟ ಪ್ರಾಥಮಿಕ ಶಾಲೆಯದು. ಕಷ್ಟದ ಪರೀಕ್ಷೆಯೇನಲ್ಲ. ಆದರೆ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಸುಲಲಿತವಾಗಿ ಮಾತಾಡುವ, ಅಕ್ಷರ ಮಾತ್ರ ಬಾರದ ಮಕ್ಕಳು ಮುಂಬೈ, ಪುಣೆಯಲ್ಲಿ ಎಷ್ಟಿಲ್ಲ? ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳು ಸೊರಗಿದ ಮೇಲೆ ಆ ಅಕ್ಷರ ಕಲಿಸುವ ಕೆಲಸ ಸಂಘಗಳ ಭಾನುವಾರದ ತರಗತಿಗಳ ಮೇಲೆ ಬಿದ್ದಿದೆ. ಬಯಾಲಜಿಯ ಕ್ಲಾಸಿಗೆ ಹಣ ಸುರಿಯುವ ಪೋಷಕರು ವರ್ಣಮಾಲೆಯನ್ನು ಹನ್ನೆರಡನೇ ತರಗತಿಯ ಕೊನೆಗೆ ನೆನಪಿಸಿಕೊಳ್ಳುವುದು ವಿಚಿತ್ರವಾದರೂ ಅಸಹಜವಲ್ಲ.

ಹೈದರಾಬಾದಿನ ಪರಿಸ್ಥಿತಿ ಈಚೆಗೆ ಸ್ಪಷ್ಟವಾಯಿತು. ತೆಲಂಗಾಣ ಸರ್ಕಾರ 2024ರ ಜುಲೈನಲ್ಲಿ ಹೊರಡಿಸಿದ ಆದೇಶದ ಪ್ರಕಾರ ವೈದ್ಯಕೀಯದ ಸ್ಥಳೀಯ ಕೋಟಾಕ್ಕೆ ಅರ್ಹತಾ ಪರೀಕ್ಷೆಯವರೆಗಿನ ಸತತ ನಾಲ್ಕು ವರ್ಷ, ಅಂದರೆ ಒಂಬತ್ತರಿಂದ ಹನ್ನೆರಡರವರೆಗೆ, ಅಲ್ಲೇ ಓದಿರಬೇಕು. ಕಾಯಂ ನಿವಾಸಿಗಳಿಗೆ ಇದನ್ನು ಅಡ್ಡ ತರಬಾರದು ಎಂದು ಹೈಕೋರ್ಟ್ ಹೇಳಿತ್ತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ರಾಜ್ಯದ ನಿಯಮವನ್ನೇ ಎತ್ತಿಹಿಡಿಯಿತು. ಅದೇ ವರ್ಷದ ಜನವರಿಯಲ್ಲಿ ಇದೇ ನ್ಯಾಯಾಲಯ ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ವಾಸಸ್ಥಳ ಆಧಾರಿತ ಮೀಸಲು ಸಲ್ಲದು ಎಂದಿತ್ತು. ಎಂಬಿಬಿಎಸ್‌ಗೆ ಮಾತ್ರ, 1984ರ ಪ್ರದೀಪ್ ಜೈನ್ ತೀರ್ಪಿನಿಂದ ಈಚೆಗೆ, ಒಂದು ಮಟ್ಟಕ್ಕೆ ಅದಕ್ಕೆ ಜಾಗ ಉಳಿದಿದೆ. ರಾಜ್ಯದ ತೆರಿಗೆಯಲ್ಲಿ ಕಟ್ಟಿದ ಕಾಲೇಜಿನಲ್ಲಿ ರಾಜ್ಯದ ಮಕ್ಕಳಿಗೆ ಪಾಲು ಬೇಕು ಎಂಬ ವಾದದಲ್ಲಿ ನ್ಯಾಯವಿದೆ. ಎರಡು ರಾಜ್ಯಗಳ ನಡುವೆ ಬೆಳೆದ ಮಗುವಿಗೆ ಎರಡೂ ಕಡೆ ಪಾಲಿಲ್ಲದೆ ಹೋಗುವುದು ಯಾವ ವಾದದ ಉದ್ದೇಶವೂ ಅಲ್ಲ. ನಿಯಮಗಳನ್ನು ಒಂದೊಂದು ರಾಜ್ಯ ತನ್ನಷ್ಟಕ್ಕೆ ಬರೆದುಕೊಂಡಾಗ ಆಗುವ ಅನಾಹುತ ಅದು. ಇದನ್ನು ಸರಿಪಡಿಸಲು ದೊಡ್ಡ ಕಾನೂನೇ ಬೇಕಿಲ್ಲ, ಬೇರೆಡೆ ಓದಿದ ಕಾರಣಕ್ಕೆ ಒಂದು ರಾಜ್ಯದ ಹಕ್ಕು ಕಳೆದುಕೊಂಡವರನ್ನು ಇನ್ನೊಂದು ರಾಜ್ಯ ಒಪ್ಪಿಕೊಳ್ಳುವ ವ್ಯವಸ್ಥೆ ಸಾಕು.

ಎಲ್ಲ ಬಾಗಿಲೂ ಮುಚ್ಚಿದರೂ ಅಖಿಲ ಭಾರತ ಕೋಟಾದ ಶೇ 15, ಏಮ್ಸ್ ಸೀಟುಗಳು, ಜಿಪ್‌ಮರ್‌ನ ಬಹುಪಾಲು ಸೀಟುಗಳು ಯಾವ ಊರಿನವರಿಗಾದರೂ ಸಿಗುತ್ತವೆ. ಕರ್ನಾಟಕದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಕಾಮೆಡ್-ಕೆ ಪರೀಕ್ಷೆಯಿದೆ, ಅಲ್ಲಿ ಹೊರರಾಜ್ಯದವರಿಗೂ ಅವಕಾಶ. ಶುಲ್ಕ ಮಾತ್ರ ಸಿಇಟಿ ಸೀಟಿಗಿಂತ ಹೆಚ್ಚು.

ಹೀಗಾಗಿ ಒಂದು ಸೀಟಿಗೆ 19 ಮಂದಿಯೋ 37 ಮಂದಿಯೋ ಎಂಬ ಲೆಕ್ಕ ಶುರುವಾಗುವ ಮೊದಲೇ ಇನ್ನೊಂದು ತೀರ್ಮಾನ ಆಗಿಹೋಗಿರುತ್ತದೆ. ಮುಂಬೈ, ಪುಣೆಯ ಮನೆಗಳಲ್ಲಿ ಅದು ಹತ್ತನೇ ತರಗತಿಯ ಫಲಿತಾಂಶದ ವಾರ, ಕಾಲೇಜಿನ ಅರ್ಜಿ ತುಂಬುವಾಗ ಆಗುತ್ತದೆ. ದೆಹಲಿಯಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಏಕೆಂದರೆ ಅಲ್ಲಿನ ವೈದ್ಯಕೀಯ ಕೋಟಾಕ್ಕೆ ಹನ್ನೊಂದು, ಹನ್ನೆರಡು ದೆಹಲಿಯಲ್ಲೇ ಓದಿರಬೇಕು. ಹೈದರಾಬಾದಿನಲ್ಲಿ ಈಗ ಎಂಟನೇ ತರಗತಿಯಲ್ಲಿರುವ ಮಗುವಿಗೆ ಆ ನಾಲ್ಕು ವರ್ಷಗಳ ಎಣಿಕೆ ಮುಂದಿನ ಜೂನ್‌ನಲ್ಲೇ ಶುರು.