ಸೀತಾಳೆಯ ಚೆಲುವೂ ಸಾದಾ ಹೂವಿನ ಋಣವೂ

ಸುಮಾರು 28,000 ಪ್ರಭೇದಗಳನ್ನೊಳಗೊಂಡ ಸೀತಾಳೆಯ ಕುಟುಂಬವು ಸಸ್ಯಲೋಕದ ಅತಿ ವಿಸ್ತಾರವಾದ ಕುಟುಂಬಗಳಲ್ಲಿ ಒಂದು. ಈ ಹೂವಿನ ಮೂರು ದಳಗಳಲ್ಲಿ ಒಂದು ಸಾಮಾನ್ಯವಾಗಿ ತುಟಿಯಂತೆ ರೂಪಾಂತರಗೊಂಡು ಕೀಟಗಳನ್ನು ಕರೆಯುತ್ತದೆ. ಆ ಓಷ್ಠದಳದ ಬೆಡಗಿಗೆ ಮಾರುಹೋಗದವರು ವಿರಳ. ಚೆಲುವಾದುದನ್ನು ಉಳಿಸಿಕೊಂಡರೆ ಸಾಕು, ಮಿಕ್ಕುದರಿಂದ ಪ್ರಯೋಜನವೇನು ಎಂಬ ಭಾವನೆಯೂ ಹಲವರಲ್ಲಿ ಬೇರೂರಿದೆ. ಈ ಭಾವನೆ ತಪ್ಪೆಂಬುದಕ್ಕೆ ವಿಜ್ಞಾನವೇ ಸಾಕ್ಷಿ ನುಡಿದಿದೆ.

ಗಿಡ ಯಾವಾಗ ಹೂ ಬಿಡಬೇಕು, ಹೂವಿನ ಯಾವ ಸುತ್ತಿನಲ್ಲಿ ಯಾವ ಅಂಗ ಮೂಡಬೇಕು ಎಂಬುದನ್ನು ನಿಯಂತ್ರಿಸುವ ವಂಶವಾಹಿಗಳಲ್ಲಿ ‘ಮ್ಯಾಡ್ಸ್’ ಕುಟುಂಬವು ಮುಖ್ಯವಾದುದು. ಯೀಸ್ಟ್, ಅರಬಿಡಾಪ್ಸಿಸ್, ಸ್ನ್ಯಾಪ್‌ಡ್ರಾಗನ್, ಮಾನವ ಎಂಬ ನಾಲ್ಕು ಜೀವಿಗಳ ನಾಲ್ಕು ವಂಶವಾಹಿಗಳ ಆದ್ಯಕ್ಷರಗಳಿಂದ ಈ ಹೆಸರು ಬಂದಿದೆ. ಇವು ತಾವೇ ದಳವನ್ನು ಕಟ್ಟುವುದಿಲ್ಲ. ಕಟ್ಟತಕ್ಕ ಅನ್ಯ ವಂಶವಾಹಿಗಳಿಗೆ ಅಪ್ಪಣೆ ಕೊಡುತ್ತವೆ.

ಸೀತಾಳೆಯ ಪೂರ್ವಜರಲ್ಲಿ ಇಂಥದೊಂದು ವಂಶವಾಹಿಯು ಇಮ್ಮಡಿಸಿ, ಮತ್ತೆ ಇಮ್ಮಡಿಸಿ, ನಾಲ್ಕು ಕವಲಾಯಿತು. ‘ವರ್ಣ’ವೆಂಬ ತತ್ಸಮವೂ ‘ಬಣ್ಣ’ವೆಂಬ ತದ್ಭವವೂ ಕನ್ನಡದಲ್ಲಿ ಜೊತೆಯಾಗಿ ಉಳಿದು, ಒಂದು ಅಕ್ಷರವನ್ನೂ ಸೂಚಿಸಲು ಇನ್ನೊಂದು ರಂಗಿಗೇ ಮೀಸಲಾದಂತೆ, ಆ ಕವಲುಗಳೂ ಕಾರ್ಯವನ್ನು ಹಂಚಿಕೊಂಡವು. ಸಹವಂಶವಾಹಿಗಳೊಡಗೂಡಿ ಒಂದು ಪಂಗಡ ದುಡಿದರೆ ಸಾಧಾರಣ ದಳ. ಮತ್ತೊಂದು ದುಡಿದರೆ ಓಷ್ಠದಳ.

ಇದರ ಮರ್ಮವನ್ನು ತಿಳಿಯಲು ಬೆಡಗಿನ ಹೂವೊಂದೇ ಸಾಲಲಿಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫಲನಾಪ್ಸಿಸ್ ಎಂಬ ಸುಂದರ ಸೀತಾಳೆಯಲ್ಲಿ 51 ಮ್ಯಾಡ್ಸ್ ವಂಶವಾಹಿಗಳು ಕಂಡುಬಂದವು. 2017ರಲ್ಲಿ ಚೀನದ ಅಪೊಸ್ಟೇಸಿಯ ಎಂಬ ಸಾದಾ ಗಿಡದ ವಂಶಲಿಪಿಯನ್ನು ಓದಿದಾಗ ದೊರೆತವು 36 ಮಾತ್ರ. ಅದರ ಹೂವಿಗೆ ಓಷ್ಠದಳವೇ ಇಲ್ಲ. ಮಿಕ್ಕೆಲ್ಲ ಸೀತಾಳೆಗಳಿಗಿಂತ ಮೊದಲೇ ಕವಲೊಡೆದ ಶಾಖೆ ಅದು. ಮರದ ಮೇಲೆ ಬೆಳೆಯುವ ಸೀತಾಳೆಗಳು ಕಳೆದುಕೊಂಡ, ಬೇರಿಗೆ ಸಂಬಂಧಿಸಿದ ವಂಶವಾಹಿಯೊಂದು ನೆಲದಲ್ಲಿ ಬೇರೂರುವ ಈ ಗಿಡದಲ್ಲಿ ಉಳಿದಿದೆ. ಹೀಗೆ ಚೆಲುವೆಯ ಕುಲಕಥೆಯನ್ನು ಹೇಳಿದ್ದು ಯಾರೂ ಮುಡಿಯದ ಹೂವು.

ಅಂಗಾಂಶ ಕೃಷಿಯಿಂದ ಸಸಿಗಳನ್ನು ಬೇಕಾದಷ್ಟು ಬೆಳೆಸಬಹುದಲ್ಲ ಎಂದು ಕೆಲವರು ವಾದಿಸಬಹುದು. ಪ್ರಯೋಗಶಾಲೆಯು ಇದ್ದುದನ್ನು ಹೆಚ್ಚಿಸಬಲ್ಲುದು; ಅಳಿದುಹೋದ ಪ್ರಭೇದವನ್ನು ಮರಳಿ ತರಲಾರದು. ‘ಸೈಟೀಸ್’ ಒಪ್ಪಂದವು ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕಾಗಿ, ಚೆಲುವು ಚೆಲುವಲ್ಲದುದು ಎಂದು ಎಣಿಸದೆ, ಸೀತಾಳೆಯ ಇಡೀ ಕುಟುಂಬವನ್ನು ತನ್ನ ಪಟ್ಟಿಗಳಲ್ಲಿ ಸೇರಿಸಿರುವುದು ವಿವೇಕದ ಕಾರ್ಯ. ಆದರೆ ವ್ಯಾಪಾರದ ಕಟ್ಟಳೆಯು ಮರ ಕಡಿಯುವ ಕೊಡಲಿಯನ್ನು ತಡೆಯದು. ಮಲೆನಾಡಿನ ಮರಗಳ ತೊಗಟೆಯಲ್ಲಿ ಸಾಸಿವೆಯಷ್ಟು ಹೂ ಬಿಡುವ ಒಬೆರೋನಿಯದಂಥ ಸೀತಾಳೆಗಳಿವೆ. ಮರ ಉರುಳಿದರೆ ಅವೂ ಉರುಳುವುವು; ಅವು ಇದ್ದುವೆಂಬುದೇ ಹಲವರಿಗೆ ತಿಳಿಯದು.

ಒಂದು ಗ್ರಂಥದ ಅಂದವಾದ ಪುಟಗಳನ್ನಷ್ಟೇ ಕಾಯ್ದಿಟ್ಟು ಉಳಿದವನ್ನು ಗೆದ್ದಲಿಗೆ ಬಿಟ್ಟವನನ್ನು ವಿದ್ಯಾವಂತನೆಂದು ಯಾರೂ ಕರೆಯರು. ಕಾಡಿನ ವಿಷಯದಲ್ಲಿಯೂ ಈ ಮಾತು ಸಲ್ಲತಕ್ಕದ್ದು. ಕಣ್ಣಿಗೆ ಒಪ್ಪದ ಗಿಡವನ್ನೂ ಹೆಸರು ಹಿಡಿದು ಗುರುತಿಸುವ ಅಭ್ಯಾಸ ವಿದ್ಯಾರ್ಥಿದೆಶೆಯಲ್ಲಿಯೇ ಆರಂಭವಾಗಲಿ.